ವೆಂಟಿಲೇಟರ್ ಹಾಕಿದರೆ ಮುಗಿಯಿತೇ? ಯಂತ್ರಕ್ಕೆ ದಾರಿ ತೋರಿಸುವ ಅಳತೆಗಳು ಮತ್ತು ಮನೆಯವರು ಕೇಳಬಹುದಾದ ಪ್ರಶ್ನೆಗಳು

ಒಂದೇ ನೋಟದಲ್ಲಿ

- ವೆಂಟಿಲೇಟರ್ ರೋಗ ಗುಣಪಡಿಸುವ ಯಂತ್ರವಲ್ಲ. ಶ್ವಾಸಕೋಶ ಚೇತರಿಸಿಕೊಳ್ಳುವವರೆಗೆ ಸಮಯ ಕೊಡುವ ಯಂತ್ರ.
- ಎಷ್ಟು ಗಾಳಿ, ಎಷ್ಟು ಒತ್ತಡ, ಎಷ್ಟು ಆಕ್ಸಿಜನ್ ಎಂಬುದನ್ನು ಅಳತೆ ನೋಡಿ ಮತ್ತೆ ಮತ್ತೆ ತಿದ್ದಬೇಕು. ಅಳತೆ ತಪ್ಪಿದರೆ ಯಂತ್ರದಿಂದಲೇ ಹಾನಿಯಾಗಬಹುದು.
- ದೊಡ್ಡ ಅಧ್ಯಯನಗಳಲ್ಲಿ ಜೀವ ಉಳಿಸಿದ್ದು ಹೆಚ್ಚಾಗಿ ಸರಳ ಕ್ರಮಗಳು. ದುಬಾರಿ ಸಾಧನಗಳು ಉಪಯುಕ್ತ, ಆದರೆ ಅವು ಇಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ ಎಂದರ್ಥವಲ್ಲ.
- 'ವೆಂಟಿಲೇಟರ್ ಎಂದರೆ ಸಾವು' ಎಂಬ ಫಾರ್ವರ್ಡ್ ತಪ್ಪು.

ಫಾರ್ವರ್ಡ್‌ಗಳು ಹೇಳುವುದೇನು?

'ವೆಂಟಿಲೇಟರ್ ಹಾಕಿದವರು ವಾಪಸ್ ಬರುವುದಿಲ್ಲ.' 'ಜೀವ ಹೋದ ಮೇಲೂ ಮೆಷಿನ್‌ನಲ್ಲಿಟ್ಟು ಬಿಲ್ ಏರಿಸುತ್ತಾರೆ.' 'ಆಕ್ಸಿಜನ್ 90ಕ್ಕೆ ಇಳಿದರೂ ಡಾಕ್ಟರ್ ಜಾಸ್ತಿ ಮಾಡುತ್ತಿಲ್ಲ.' ಇಂಥ ಸಂದೇಶಗಳು ಕೋವಿಡ್ ಕಾಲದಿಂದಲೂ ಕುಟುಂಬದ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇವೆ.

ಇವುಗಳನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಇವನ್ನು ಓದಿದ ಮನೆಯವರು ಐಸಿಯು ಬಾಗಿಲಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿಯಬಹುದು. 'ಇನ್ನೊಂದು ಸ್ವಲ್ಪ ಹೊತ್ತು ನೋಡೋಣ' ಎನ್ನಬಹುದು. ಉಸಿರಾಟ ಸೋಲುತ್ತಿರುವವರ ಪಾಲಿಗೆ ಆ ಸ್ವಲ್ಪ ಹೊತ್ತು ಬಹಳ ದೊಡ್ಡದು.

ಕಡಬ ತಾಲ್ಲೂಕಿನ ಇಚಿಲಂಪಾಡಿಯಂಥ ಊರನ್ನೇ ತೆಗೆದುಕೊಳ್ಳಿ. ಅಡಿಕೆ ಮತ್ತು ರಬ್ಬರ್ ತೋಟಗಳ ಊರು. ಮಳೆಗಾಲದಲ್ಲಿ ಕೆಸರು, ನಿಂತ ನೀರು, ಇಲಿ ಜ್ವರ, ಡೆಂಗಿ. ವರ್ಷವಿಡೀ ತೋಟದಲ್ಲಿ ಹಾವಿನ ಭಯ. ಇಲಿ ಜ್ವರ ಕೆಲವರಲ್ಲಿ ಶ್ವಾಸಕೋಶಕ್ಕೆ ಇಳಿದು ಒಳಗೇ ರಕ್ತಸ್ರಾವ ಮಾಡುತ್ತದೆ. ಉಸಿರಾಟ ಕೆಟ್ಟರೆ ಮೊದಲು ಕಡಬ ಅಥವಾ ನೆಲ್ಯಾಡಿ, ಆಮೇಲೆ ಪುತ್ತೂರು, ಅಲ್ಲಿಂದಲೂ ಮುಂದೆ ಹೋಗಬೇಕಾದರೆ ಸುಮಾರು 70 ಕಿ.ಮೀ. ದೂರದ ಮಂಗಳೂರು. ಅಲ್ಲಿ 1848ರಲ್ಲಿ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅಷ್ಟು ದೂರ ಬಂದ ಮೇಲೆ ರೋಗಿ ಒಳಗೆ ಹೋಗುತ್ತಾರೆ, ಮನೆಯವರು ಹೊರಗಿನ ಬೆಂಚಿನಲ್ಲಿ ಫೋನ್ ಹಿಡಿದು ಕೂರುತ್ತಾರೆ. ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗದಿದ್ದಾಗ ಆ ಜಾಗವನ್ನು ಫಾರ್ವರ್ಡ್ ತುಂಬುತ್ತದೆ.

ಆದ್ದರಿಂದ ಈ ಲೇಖನದಲ್ಲಿ ನಾವು ಒಳಗಿನ ಅಳತೆಗಳನ್ನು ಒಂದೊಂದಾಗಿ ವಿವರಿಸುತ್ತೇವೆ.

ವೆಂಟಿಲೇಟರ್ ಏನು ಮಾಡುತ್ತದೆ?

ನಾವು ಸಹಜವಾಗಿ ಉಸಿರೆಳೆಯುವಾಗ ವಪೆ ಕೆಳಗಿಳಿದು ಎದೆ ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ವೆಂಟಿಲೇಟರ್ ಇದಕ್ಕೆ ತಿರುಗುಮುರುಗು. ಅದು ಗಂಟಲಿನ ಮೂಲಕ ಇಳಿಸಿದ ಕೊಳವೆಯಿಂದ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ.

ಈ ಯಂತ್ರ ಬೇಕಾಗುವ ಸಂದರ್ಭಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಕ್ರೈಟ್ ಎಂದು ಕರೆಯುವ ಕಟ್ಟುಹಾವು ಕಚ್ಚಿದಾಗ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಉಸಿರಾಡಿಸುವ ಸ್ನಾಯುಗಳು ಕೆಲಸ ನಿಲ್ಲಿಸಿರುತ್ತವೆ. ವಿಷದ ಪ್ರಭಾವ ಇಳಿಯುವವರೆಗೆ ಯಂತ್ರ ಉಸಿರಾಡಿಸಿದರೆ ಅವರು ಎದ್ದು ಮನೆಗೆ ನಡೆದು ಹೋಗಬಹುದು. ಇನ್ನೊಂದು ಬಗೆಯಲ್ಲಿ ಶ್ವಾಸಕೋಶವೇ ಸೋತಿರುತ್ತದೆ. ನ್ಯುಮೋನಿಯಾ, ತೀವ್ರ ಇಲಿ ಜ್ವರ, ಎಚ್1ಎನ್1, ಕೋವಿಡ್, ರಕ್ತಕ್ಕೆ ಹರಡಿದ ಸೋಂಕು, ಹೀಗೆ ಕಾರಣ ಯಾವುದೇ ಇರಲಿ, ಗಾಳಿಚೀಲಗಳಲ್ಲಿ ದ್ರವ ತುಂಬಿ ಆಕ್ಸಿಜನ್ ರಕ್ತಕ್ಕೆ ದಾಟುವುದಿಲ್ಲ. ವೈದ್ಯರು ಇದನ್ನು ಎಆರ್‌ಡಿಎಸ್ ಎನ್ನುತ್ತಾರೆ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ಎಆರ್‌ಡಿಎಸ್ ಆದ ಶ್ವಾಸಕೋಶ ಎಲ್ಲ ಕಡೆ ಒಂದೇ ತರ ಕೆಟ್ಟಿರುವುದಿಲ್ಲ. 1980ರ ದಶಕದಲ್ಲಿ ಇಟಲಿಯ ಲುಚಾನೋ ಗಟ್ಟಿನೋನಿ ಮತ್ತು ಸಂಗಡಿಗರು ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ, ದೊಡ್ಡವರ ಎದೆಯಲ್ಲಿ ಗಾಳಿಗೆ ತೆರೆದಿರುವ ಭಾಗ ಚಿಕ್ಕ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುವುದು ಕಂಡಿತು. ಅದಕ್ಕೆ 'ಬೇಬಿ ಲಂಗ್' ಎಂಬ ಹೆಸರೇ ಬಿತ್ತು. ದೊಡ್ಡವರಿಗೆ ಕೊಡುವಷ್ಟು ಗಾಳಿಯನ್ನು ಆ ಸಣ್ಣ ಜಾಗಕ್ಕೆ ತಳ್ಳಿದರೆ ಉಳಿದ ಒಳ್ಳೆಯ ಭಾಗವೂ ಹಿಗ್ಗಿ ಹಾಳಾಗುತ್ತದೆ. ತೀರಾ ಕಡಿಮೆ ಕೊಟ್ಟರೆ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಈ ಎರಡರ ನಡುವಿನ ದಾರಿ ಕಣ್ಣಂದಾಜಿಗೆ ಸಿಗುವುದಿಲ್ಲ. ಅದಕ್ಕೇ ಅಳತೆ ಬೇಕು.

ಐಸಿಯು ಹುಟ್ಟಿದ್ದೇ ಒಂದು ಅಳತೆಯಿಂದ

1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತ್ತು. ಬ್ಲೇಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ರಕ್ತ ಪರೀಕ್ಷೆಯಲ್ಲಿ ಬೈಕಾರ್ಬನೇಟ್ ಹೆಚ್ಚಾಗಿದ್ದುದನ್ನು ಕಂಡು, ಇದು ರಕ್ತ ಕ್ಷಾರೀಯವಾಗುವ ಇನ್ಯಾವುದೋ ತೊಂದರೆ ಎಂದು ಅಲ್ಲಿನವರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ಬೇರೆ ರೀತಿ ಓದಿದರು: ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತಿದೆ. ಅವರು 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಕೊಳವೆ ಇಟ್ಟು, ಕೈಯಲ್ಲಿ ಚೀಲ ಒತ್ತಿ ಗಾಳಿ ಕೊಟ್ಟರು. ಆಕೆ ಬದುಕಿದಳು.

ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲು ರಾತ್ರಿ ಚೀಲ ಒತ್ತಿದರು. ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆ ಮತ್ತು ಕಾರ್ಬನ್ ಡೈಆಕ್ಸೈಡ್ ಅಳೆಯುವ ವಿಧಾನ ರೂಪಿಸಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಐಸಿಯು ಮತ್ತು ಇಂದಿನ ಎಬಿಜಿ ಪರೀಕ್ಷೆ, ಎರಡರ ಬೇರೂ ಅಲ್ಲಿದೆ.

ಯಾವ ಸಾಧನ ಏನನ್ನು ಅಳೆಯುತ್ತದೆ?

1. ಅಳತೆ ಟೇಪು. ನಂಬಲು ಕಷ್ಟ, ಆದರೆ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಇದೇ. ಶ್ವಾಸಕೋಶದ ಗಾತ್ರ ನಮ್ಮ ತೂಕವನ್ನಲ್ಲ, ಎತ್ತರವನ್ನು ಅನುಸರಿಸುತ್ತದೆ. ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಹಾಗಾಗಿ ವೈದ್ಯರು ಎತ್ತರ ಅಳೆದು 'ಇರಬೇಕಾದ ತೂಕ' ಲೆಕ್ಕ ಹಾಕಿ, ಅದರ ಪ್ರತಿ ಕಿಲೋಗೆ ಸುಮಾರು 6 ಮಿಲಿಲೀಟರ್ ಗಾಳಿ ಕೊಡುತ್ತಾರೆ. 152 ಸೆಂ.ಮೀ. ಎತ್ತರದ ಹೆಂಗಸಿಗೆ ಇದು ಪ್ರತಿ ಉಸಿರಿಗೆ ಸುಮಾರು 270 ಮಿ.ಲೀ. ಆಕೆಯ ತೂಕ 75 ಕಿಲೋ ಎಂದು ತಕ್ಕಡಿ ನೋಡಿ ಲೆಕ್ಕ ಹಾಕಿದರೆ 450 ಮಿ.ಲೀ. ಆಗುತ್ತದೆ. ಅದು ಆಕೆಯ ಶ್ವಾಸಕೋಶಕ್ಕೆ ಹೊರೆ.

2. ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಕ್ಲಿಪ್. 1974ರಲ್ಲಿ ಜಪಾನಿನ ತಕುವೊ ಅಯೋಯಾಗಿ ಇದರ ತತ್ವ ಕಂಡುಹಿಡಿದರು. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ, ರಕ್ತದ ಹಿಮೋಗ್ಲೋಬಿನ್ ಎಷ್ಟು ಶೇಕಡಾ ಆಕ್ಸಿಜನ್ ಹೊತ್ತಿದೆ ಎಂದು ಹೇಳುತ್ತದೆ. ನೋವಿಲ್ಲ, ಕ್ಷಣಕ್ಷಣದ ಲೆಕ್ಕ ಸಿಗುತ್ತದೆ.

ಇದಕ್ಕೆ ಮಿತಿಗಳಿವೆ. ಕೈ ತಣ್ಣಗಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಉಗುರಿಗೆ ಬಣ್ಣವಿದ್ದರೆ ಸಂಖ್ಯೆ ತಪ್ಪಬಹುದು. ಹೊಗೆ ತುಂಬಿದ ಕೋಣೆಯಲ್ಲಿ ಸಿಲುಕಿ ಕಾರ್ಬನ್ ಮೊನಾಕ್ಸೈಡ್ ಒಳಗೆ ಹೋದವರಲ್ಲಿ ಅಪಾಯವಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ವರ್ಣೀಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಗಾಢ ಬಣ್ಣದ ಚರ್ಮದವರು ಹೆಚ್ಚಿರುವ ನಮ್ಮಲ್ಲಿ ಇದು ನೆನಪಿಡಬೇಕಾದ ಮಾತು. ಕ್ಲಿಪ್ ಎಚ್ಚರಿಕೆಯ ಗಂಟೆ, ಕೊನೆಯ ತೀರ್ಪಲ್ಲ.

3. ಎಬಿಜಿ ಪರೀಕ್ಷೆ. ಸಾಮಾನ್ಯ ರಕ್ತ ಪರೀಕ್ಷೆಗೆ ಅಭಿಧಮನಿಯಿಂದ ರಕ್ತ ತೆಗೆದರೆ, ಇದಕ್ಕೆ ಹೆಚ್ಚಾಗಿ ಮಣಿಕಟ್ಟಿನ ಅಪಧಮನಿಯಿಂದ ತೆಗೆಯುತ್ತಾರೆ. ಸ್ವಲ್ಪ ನೋವಾಗುತ್ತದೆ. ಇದು ಮೂರು ಮುಖ್ಯ ಸಂಖ್ಯೆ ಕೊಡುತ್ತದೆ: ರಕ್ತದ ಪಿಎಚ್, ಸಾಮಾನ್ಯವಾಗಿ 7.35ರಿಂದ 7.45; ಕಾರ್ಬನ್ ಡೈಆಕ್ಸೈಡ್ ಒತ್ತಡ, 35ರಿಂದ 45; ಆಕ್ಸಿಜನ್ ಒತ್ತಡ, 80ರಿಂದ 100.

ಆಕ್ಸಿಜನ್ ಒತ್ತಡವನ್ನು ರೋಗಿಗೆ ಕೊಡುತ್ತಿರುವ ಆಕ್ಸಿಜನ್ ಪ್ರಮಾಣದಿಂದ ಭಾಗಿಸಿದರೆ ಬರುವುದು ಪಿ/ಎಫ್ ಅನುಪಾತ. ಆರೋಗ್ಯವಂತರಲ್ಲಿ ಇದು 400ಕ್ಕಿಂತ ಮೇಲಿರುತ್ತದೆ. 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ ಎಆರ್‌ಡಿಎಸ್‌ನಲ್ಲಿ 200ರಿಂದ 300 ಸೌಮ್ಯ, 100ರಿಂದ 200 ಮಧ್ಯಮ, 100 ಅಥವಾ ಕಡಿಮೆ ಇದ್ದರೆ ತೀವ್ರ. ಉದಾಹರಣೆಗೆ ಶೇ. 80 ಆಕ್ಸಿಜನ್ ಕೊಟ್ಟರೂ ರಕ್ತದಲ್ಲಿ 80 ಮಾತ್ರ ಇದ್ದರೆ ಅನುಪಾತ 100, ಅಂದರೆ ತೀವ್ರ. ಎರಡು ದಿನ ಬಿಟ್ಟು ಶೇ. 50 ಆಕ್ಸಿಜನ್‌ಗೇ ಅದೇ 80 ಬಂದರೆ ಅನುಪಾತ 160. ಮಾನಿಟರ್‌ನ ಶೇಕಡಾ ಸಂಖ್ಯೆ ಅಷ್ಟೇ ಇದ್ದರೂ ರೋಗಿ ಸುಧಾರಿಸುತ್ತಿದ್ದಾರೆ ಎಂದರ್ಥ.

4. ಕ್ಯಾಪ್ನೋಗ್ರಾಫ್. ಹೊರಬಿಡುವ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅನ್ನು ಉಸಿರು ಉಸಿರಿಗೂ ಅಳೆದು ಗೆರೆಯಾಗಿ ತೋರಿಸುವ ಸಾಧನ. ಗಂಟಲಿನ ಕೊಳವೆ ಶ್ವಾಸನಾಳದಲ್ಲಿದೆಯೋ, ತಪ್ಪಿ ಅನ್ನನಾಳಕ್ಕೆ ಹೋಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಲು ಇದರಷ್ಟು ಭರವಸೆಯ ದಾರಿ ಬೇರೆ ಇಲ್ಲ. ಆಂಬುಲೆನ್ಸ್‌ನಲ್ಲಿ ಕೊಳವೆ ಜಾರಿದರೂ ಇದು ಕೂಡಲೇ ಹೇಳುತ್ತದೆ.

5. ವೆಂಟಿಲೇಟರ್‌ನ ಪರದೆಯೇ. ಯಂತ್ರ ಗಾಳಿ ತಳ್ಳುವಾಗ ಒತ್ತಡವನ್ನೂ ಅಳೆಯುತ್ತದೆ. ಉಸಿರು ಒಳಗೆ ಹೋದ ಕೊನೆಯಲ್ಲಿ ಒಂದು ಕ್ಷಣ ತಡೆದರೆ ಗಾಳಿಚೀಲಗಳ ಮೇಲಿನ ಒತ್ತಡ ತಿಳಿಯುತ್ತದೆ. ಇದಕ್ಕೆ ಪ್ಲೇಟೋ ಪ್ರೆಷರ್ ಎನ್ನುತ್ತಾರೆ. ಇದು 30 ಸೆಂ.ಮೀ. ನೀರಿನ ಒತ್ತಡ ಮೀರಬಾರದು ಎಂಬುದು ನಿಯಮ. ಶಾಲಾ ಮಕ್ಕಳ ಒಂದು ಅಡಿ ಸ್ಕೇಲಿನಷ್ಟು ಎತ್ತರದ ನೀರಿನ ಕಂಬವನ್ನು ಕಲ್ಪಿಸಿಕೊಳ್ಳಿ, ಅಷ್ಟು ಒತ್ತಡ.

ಉಸಿರು ಹೊರಹೋದ ಮೇಲೂ ಗಾಳಿಚೀಲ ಪೂರ್ತಿ ಮುಚ್ಚದಂತೆ ಉಳಿಸುವ ಒತ್ತಡಕ್ಕೆ ಪೀಪ್ ಎಂದು ಹೆಸರು. ಪೂರ್ತಿ ಚಪ್ಪಟೆಯಾದ ಬಲೂನನ್ನು ಊದಲು ಕಷ್ಟ, ಸ್ವಲ್ಪ ಗಾಳಿ ಇದ್ದರೆ ಸುಲಭ, ಹಾಗೆ. ಪ್ಲೇಟೋದಿಂದ ಪೀಪ್ ಕಳೆದರೆ ಡ್ರೈವಿಂಗ್ ಪ್ರೆಷರ್ ಸಿಗುತ್ತದೆ. ಇದು ಸುಮಾರು 15ರೊಳಗೆ ಇರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಇದಕ್ಕೆ ಹೊಸ ಸಾಧನ ಬೇಕಿಲ್ಲ, ಒಂದು ಗುಂಡಿ ಒತ್ತುವ ಅಭ್ಯಾಸ ಬೇಕು.

6. ಎಕ್ಸ್‌ರೇ, ಸಿಟಿ, ಅಲ್ಟ್ರಾಸೌಂಡ್. ಹಾಸಿಗೆಯ ಪಕ್ಕದಲ್ಲೇ ತೆಗೆಯುವ ಎಕ್ಸ್‌ರೇ ಕೊಳವೆಯ ಜಾಗ ಮತ್ತು ಶ್ವಾಸಕೋಶದ ಬಿಳಿ ಮಚ್ಚೆಗಳನ್ನು ತೋರಿಸುತ್ತದೆ. ಸಿಟಿಯಲ್ಲಿ ವಿವರ ಹೆಚ್ಚು, ಆದರೆ ಯಂತ್ರದ ಮೇಲಿರುವವರನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದೇ ಅಪಾಯ. ಅಲ್ಟ್ರಾಸೌಂಡ್ ಹಾಸಿಗೆಯ ಬಳಿಗೇ ಬರುತ್ತದೆ, ವಿಕಿರಣವಿಲ್ಲ. ಶ್ವಾಸಕೋಶದಲ್ಲಿ ದ್ರವ ಹೆಚ್ಚಿದ್ದರೆ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಬಿಳಿ ಗೆರೆಗಳು ಕಾಣುತ್ತವೆ. ಎದೆಗೂಡಿನಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿದಿದ್ದರೂ ಗೊತ್ತಾಗುತ್ತದೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನಮ್ಮ ದೇಶದಲ್ಲಿ ಈ ಯಂತ್ರಗಳ ನೋಂದಣಿ ಕಡ್ಡಾಯ, ಹಾಗಾಗಿ ಎಲ್ಲೆಂದರಲ್ಲಿ ಒಯ್ದು ಬಳಸುವಂತಿಲ್ಲ.

2023ರಲ್ಲಿ ಪ್ರಕಟವಾದ ಎಆರ್‌ಡಿಎಸ್‌ನ ಹೊಸ ಜಾಗತಿಕ ವ್ಯಾಖ್ಯೆ ಆಕ್ಸಿಮೀಟರ್ ಮತ್ತು ಅಲ್ಟ್ರಾಸೌಂಡ್‌ಗಳಿಂದಲೂ ರೋಗ ಗುರುತಿಸಬಹುದು ಎಂದು ಒಪ್ಪಿಕೊಂಡಿದೆ. ಆಫ್ರಿಕಾದ ರುವಾಂಡದಲ್ಲಿ ನಡೆದ ಅಧ್ಯಯನ ಇದಕ್ಕೆ ದಾರಿ ಮಾಡಿತು. ಎಬಿಜಿ ಯಂತ್ರ ಇಲ್ಲದ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೂ ಬೇಗ ಗುರುತಿಸಿ ಮುಂದಕ್ಕೆ ಕಳಿಸಲು ಇದರಿಂದ ಅನುಕೂಲ.

7. ಅನ್ನನಾಳದ ಬಲೂನ್. ತೆಳುವಾದ ಕೊಳವೆಯ ತುದಿಯಲ್ಲಿ ಪುಟ್ಟ ಬಲೂನ್ ಇಟ್ಟು ಮೂಗಿನ ಮೂಲಕ ಅನ್ನನಾಳಕ್ಕೆ ಇಳಿಸುತ್ತಾರೆ. ಯಂತ್ರ ತೋರಿಸುವ ಒತ್ತಡದಲ್ಲಿ ಶ್ವಾಸಕೋಶದ ಪಾಲೆಷ್ಟು, ಎದೆಗೂಡು ಮತ್ತು ಹೊಟ್ಟೆಯ ಪಾಲೆಷ್ಟು ಎಂದು ಬೇರ್ಪಡಿಸಲು ಇದು ನೆರವಾಗುತ್ತದೆ. ಬಹಳ ದಪ್ಪಗಿರುವವರಲ್ಲಿ, ಹೊಟ್ಟೆ ಉಬ್ಬಿರುವವರಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

8. ಇಐಟಿ ಬೆಲ್ಟ್. ಎದೆಯ ಸುತ್ತ 16 ಅಥವಾ 32 ಎಲೆಕ್ಟ್ರೋಡ್‌ಗಳ ಪಟ್ಟಿ ಕಟ್ಟಿ, ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹಾಯಿಸುತ್ತಾರೆ. ಗಾಳಿ ತುಂಬಿದ ಜಾಗ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಅದರಿಂದ ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ, ಯಾವುದಕ್ಕೆ ಇಲ್ಲ ಎಂಬುದು ಪರದೆಯಲ್ಲಿ ಚಲಿಸುವ ಚಿತ್ರವಾಗಿ ಕಾಣುತ್ತದೆ. ವಿಕಿರಣವಿಲ್ಲ, ರೋಗಿಯನ್ನು ಕದಲಿಸಬೇಕಿಲ್ಲ. ಆದರೆ ದುಬಾರಿ, ಚಿತ್ರ ಓದಬಲ್ಲವರೂ ಕಡಿಮೆ.

ದುಬಾರಿ ಸಾಧನ ಇದ್ದರೆ ಜೀವ ಉಳಿಯುತ್ತದೆಯೇ?

ಇಲ್ಲಿ ಪುರಾವೆ ಏನು ಹೇಳುತ್ತದೆ ಎಂದು ನೋಡೋಣ.

2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 861 ರೋಗಿಗಳಿದ್ದರು. ಪ್ರತಿ ಕಿಲೋಗೆ 12 ಮಿ.ಲೀ. ಗಾಳಿ ಪಡೆದವರಲ್ಲಿ ಶೇ. 39.8 ಮಂದಿ ತೀರಿಕೊಂಡರೆ, 6 ಮಿ.ಲೀ. ಪಡೆದವರಲ್ಲಿ ಶೇ. 31. ಇದಕ್ಕೆ ಬೇಕಾದದ್ದು ಟೇಪು ಮತ್ತು ಪ್ಲೇಟೋ ಪ್ರೆಷರ್. 2013ರಲ್ಲಿ ಪ್ರಕಟವಾದ ಫ್ರಾನ್ಸ್ ನೇತೃತ್ವದ ಅಧ್ಯಯನದಲ್ಲಿ 466 ಮಂದಿ ಇದ್ದರು. ಸ್ಥಿತಿ ತೀವ್ರವಾಗಿದ್ದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ 28 ದಿನಗಳೊಳಗಿನ ಸಾವು ಶೇ. 32.8ರಿಂದ 16ಕ್ಕೆ ಇಳಿಯಿತು. ಇದಕ್ಕೆ ಬೇಕಾದದ್ದು ತರಬೇತಿ ಪಡೆದ ನಾಲ್ಕೈದು ಮಂದಿ ಮತ್ತು ದಿಂಬುಗಳು.

ಇನ್ನು ಅನ್ನನಾಳದ ಬಲೂನ್. 2008ರಲ್ಲಿ 61 ರೋಗಿಗಳ ಸಣ್ಣ ಅಧ್ಯಯನ ಆಸೆ ಮೂಡಿಸಿತ್ತು. 2019ರಲ್ಲಿ 200 ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ 2019ರಲ್ಲಿ ಫ್ರಾನ್ಸ್‌ನಲ್ಲಿ, ಶ್ವಾಸಕೋಶದ ಚಿತ್ರ ನೋಡಿ ರೋಗಿಗಳನ್ನು ಎರಡು ಬಗೆಯಾಗಿ ವಿಂಗಡಿಸಿ ಅದಕ್ಕೆ ತಕ್ಕಂತೆ ಯಂತ್ರ ಹೊಂದಿಸುವ ಅಧ್ಯಯನ ಪ್ರಕಟವಾಯಿತು. ಒಟ್ಟಾರೆ ಲಾಭ ಕಾಣಲಿಲ್ಲ. ಕಾರಣ ಹುಡುಕಿದಾಗ, ಐವರಲ್ಲಿ ಒಬ್ಬರ ಚಿತ್ರವನ್ನು ತಪ್ಪಾಗಿ ಓದಲಾಗಿತ್ತು. ಹಾಗೆ ತಪ್ಪು ಗುಂಪಿಗೆ ಸೇರಿ ಅದರ ಚಿಕಿತ್ಸೆ ಪಡೆದವರಲ್ಲಿ ಸಾವು ಹೆಚ್ಚಾಗಿತ್ತು. 2017ರಲ್ಲಿ ಬ್ರೆಜಿಲ್ ನೇತೃತ್ವದಲ್ಲಿ 1,010 ರೋಗಿಗಳಲ್ಲಿ ನಡೆದ ಅಧ್ಯಯನದ ಪಾಠ ಇನ್ನೂ ಕಟು. ಮುಚ್ಚಿದ ಗಾಳಿಚೀಲಗಳನ್ನು ಹೆಚ್ಚಿನ ಒತ್ತಡದಿಂದ ತೆರೆಯಿಸುವ ವಿಧಾನದಲ್ಲಿ 28 ದಿನಗಳ ಸಾವು ಶೇ. 55.3, ಎಂದಿನ ಎಚ್ಚರಿಕೆಯ ವಿಧಾನದಲ್ಲಿ ಶೇ. 49.3.

ಇದರರ್ಥ ಹೊಸ ಸಾಧನಗಳು ಬೇಡ ಎಂದಲ್ಲ. ಕಷ್ಟದ ಕೆಲವು ರೋಗಿಗಳಲ್ಲಿ ಅವು ದಾರಿ ತೋರಿಸುತ್ತವೆ. ಆದರೆ ಅಳತೆ ತಾನಾಗಿ ಜೀವ ಉಳಿಸುವುದಿಲ್ಲ. ಅದನ್ನು ಸರಿಯಾಗಿ ಓದಿ, ಸರಿಯಾದ ಬದಲಾವಣೆ ಮಾಡಿದಾಗ ಮಾತ್ರ ಪ್ರಯೋಜನ.

ಸರಳ ಅಳತೆಗಳೇ ತಪ್ಪಿಹೋಗುತ್ತಿವೆ ಎಂಬುದು ಹೆಚ್ಚಿನ ಚಿಂತೆ. 50 ದೇಶಗಳ 459 ಐಸಿಯುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಆರ್‌ಡಿಎಸ್ ಇದ್ದವರಲ್ಲಿ ಶೇ. 60ರಷ್ಟು ಮಂದಿಯಲ್ಲಿ ಮಾತ್ರ ವೈದ್ಯರು ಅದನ್ನು ಗುರುತಿಸಿದ್ದರು. ಪ್ಲೇಟೋ ಪ್ರೆಷರ್ ಅಳೆದದ್ದು ಶೇ. 40ರಷ್ಟು ಮಂದಿಯಲ್ಲಿ ಮಾತ್ರ.

ಕರ್ನಾಟಕಕ್ಕೂ ಇದರಲ್ಲಿ ಪಾಠವಿದೆ. 2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರ್‌ಗಳನ್ನು ತಯಾರಿಸಿತು. ಯಂತ್ರ ತಯಾರಿಸುವ ಶಕ್ತಿ ನಮ್ಮಲ್ಲೇ ಇದೆ ಎಂದು ಇದು ತೋರಿಸಿತು. ಆದರೆ ಯಂತ್ರದ ಪಕ್ಕದಲ್ಲಿ ಎಬಿಜಿ ಪರೀಕ್ಷೆ, ಆಕ್ಸಿಜನ್ ಪೂರೈಕೆ ಮತ್ತು ರಾತ್ರಿ ಪಾಳಿಯಲ್ಲೂ ಅಳತೆ ಓದಬಲ್ಲ ನರ್ಸ್, ವೈದ್ಯರು ಇರಬೇಕು. ನಮ್ಮ ಜನಪ್ರತಿನಿಧಿಗಳನ್ನು 'ಎಷ್ಟು ವೆಂಟಿಲೇಟರ್ ತಂದಿರಿ' ಎಂದು ಕೇಳುವಾಗ 'ನಡೆಸುವವರು ಎಷ್ಟು ಮಂದಿ' ಎಂದೂ ಕೇಳಬೇಕು.

ಫಾರ್ವರ್ಡ್‌ಗಳಿಗೆ ಒಂದೊಂದಾಗಿ ಉತ್ತರ

'ವೆಂಟಿಲೇಟರ್ ಹಾಕಿದವರು ಬದುಕುವುದಿಲ್ಲ.' ತಪ್ಪು. ಮೇಲೆ ಹೇಳಿದ 50 ದೇಶಗಳ ಅಧ್ಯಯನದಲ್ಲಿ ಎಆರ್‌ಡಿಎಸ್ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡವರು 100ಕ್ಕೆ 40. ತೀವ್ರ ಹಂತದವರಲ್ಲಿ 46. ಇದು ಗಂಭೀರ ಕಾಯಿಲೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿದ್ದಾರೆ. ತೀರಾ ಕಾಯಿಲೆಯಾದವರಿಗೇ ಯಂತ್ರ ಹಾಕುವುದರಿಂದ, ಸಾವಿಗೆ ಯಂತ್ರವೇ ಕಾರಣ ಎಂಬಂತೆ ಹೊರಗಿನಿಂದ ಕಾಣುತ್ತದೆ.

'ಸತ್ತವರನ್ನೂ ವೆಂಟಿಲೇಟರ್‌ನಲ್ಲಿಟ್ಟು ಬಿಲ್ ಮಾಡುತ್ತಾರೆ.' ಈ ನಂಬಿಕೆಗೆ ಸಿನಿಮಾವೂ ಇಂಬು ಕೊಟ್ಟಿದೆ. 2002ರ ತಮಿಳು ಚಿತ್ರ 'ರಮಣ'ದಲ್ಲಿ ಸತ್ತವರಿಗೆ ಚಿಕಿತ್ಸೆ ನಡೆಸುವ ಆಸ್ಪತ್ರೆಯ ದೃಶ್ಯವಿದೆ. ಆ ಚಿತ್ರ ತೆಲುಗಿನಲ್ಲಿ 'ಟಾಗೋರ್', ಕನ್ನಡದಲ್ಲಿ 'ವಿಷ್ಣುಸೇನಾ', ಹಿಂದಿಯಲ್ಲಿ 'ಗಬ್ಬರ್ ಈಸ್ ಬ್ಯಾಕ್' ಆಗಿ ಬಂತು.

ನಿಜ ಏನು? ಹೃದಯ ನಿಂತ ಮೇಲೂ ಯಂತ್ರ ಗಾಳಿ ತಳ್ಳಬಲ್ಲದು, ಎದೆ ಏರಿಳಿಯಬಹುದು. ಆದರೆ ಅಳತೆಗಳು ಸುಮ್ಮನಿರುವುದಿಲ್ಲ. ರಕ್ತ ಹರಿಯದಿದ್ದರೆ ಆಕ್ಸಿಮೀಟರ್‌ಗೆ ನಾಡಿ ಸಿಗುವುದಿಲ್ಲ, ಇಸಿಜಿ ಗೆರೆ ಚಪ್ಪಟೆಯಾಗುತ್ತದೆ, ಶ್ವಾಸಕೋಶಕ್ಕೆ ಕಾರ್ಬನ್ ಡೈಆಕ್ಸೈಡ್ ಬಾರದೆ ಕ್ಯಾಪ್ನೋಗ್ರಾಫ್ ಗೆರೆಯೂ ಇಳಿದುಹೋಗುತ್ತದೆ. ಕೆಲವು ಗಂಟೆಗಳಲ್ಲಿ ಮೈ ಸೆಟೆಯುತ್ತದೆ. ಮೆದುಳಿನ ಕಾಂಡ ಸತ್ತಿರುವ ಸ್ಥಿತಿ ಮಾತ್ರ ಬೇರೆ. ಅಲ್ಲಿ ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಮನೆಯವರಿಗೆ ಗೊಂದಲವಾಗುವುದು ಸಹಜ. 1994ರ ಅಂಗಾಂಗ ಕಸಿ ಕಾಯ್ದೆಯಡಿ ಇದನ್ನು ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು.

ಬಿಲ್ ಬಗ್ಗೆ ಜನರ ಅಳಲು ಸುಳ್ಳಲ್ಲ. ಅದಕ್ಕೆ ದಾರಿ ಬೇರೆ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಅಲ್ಲಿ ದೂರು ಕೊಡಬಹುದು. ಬಾಕಿ ಇದೆ ಎಂದು ಮೃತದೇಹ ತಡೆಹಿಡಿಯುವಂತೆಯೂ ಇಲ್ಲ.

'ಆಕ್ಸಿಜನ್ 91 ಇದೆ, ಆದರೂ ಹೆಚ್ಚು ಮಾಡುತ್ತಿಲ್ಲ.' ಎಆರ್‌ಡಿಎಸ್ ರೋಗಿಗಳಲ್ಲಿ 88ರಿಂದ 95 ಸಾಕು ಎಂಬ ಗುರಿಯನ್ನು ಬಹಳ ಕಾಲದಿಂದ ಪಾಲಿಸಲಾಗುತ್ತಿದೆ. 99 ತೋರಿಸಬೇಕೆಂದು ಒತ್ತಡ, ಆಕ್ಸಿಜನ್ ಏರಿಸಿದರೆ ಶ್ವಾಸಕೋಶಕ್ಕೇ ಏಟು. ಇದು ಐಸಿಯು ಒಳಗಿನ ಮಾತು. ಮನೆಯಲ್ಲಿರುವವರಿಗೆ 94ಕ್ಕಿಂತ ಕೆಳಗಿಳಿದು ಉಸಿರು ಕಟ್ಟಿದಂತಾದರೆ ಕಾಯದೆ 108ಕ್ಕೆ ಕರೆ ಮಾಡಿ.

'10 ಸೆಕೆಂಡ್ ಉಸಿರು ಕಟ್ಟಿದರೆ ಶ್ವಾಸಕೋಶ ಸರಿ ಇದೆ.' ಇದು ಪರೀಕ್ಷೆಯೇ ಅಲ್ಲ. ಸೋಂಕಿರುವ ಯುವಕರು ಸುಲಭವಾಗಿ ಕಟ್ಟಬಲ್ಲರು, ಆರೋಗ್ಯವಂತ ವಯಸ್ಸಾದವರಿಗೆ ಕಷ್ಟವಾಗಬಹುದು.

'ಫೋನ್ ಆ್ಯಪ್‌ನಲ್ಲೇ ಆಕ್ಸಿಜನ್ ನೋಡಬಹುದು.' ನಂಬಬೇಡಿ. ಆಕ್ಸಿಮೀಟರ್‌ಗೆ ಎರಡು ಬಗೆಯ ಬೆಳಕು ಮತ್ತು ಅದಕ್ಕೆಂದೇ ಹೊಂದಿಸಿದ ಸಂವೇದಕ ಬೇಕು. ಕ್ಯಾಮೆರಾ ಮೇಲೆ ಬೆರಳಿಟ್ಟು ಬಂದ ಸಂಖ್ಯೆಯ ಮೇಲೆ ತೀರ್ಮಾನ ಮಾಡಬೇಡಿ.

'ಬೋರಲು ಮಲಗಿಸಿ ಹಿಂಸೆ ಕೊಡುತ್ತಾರೆ.' ನೋಡಲು ಸಂಕಟವಾಗುವುದು ನಿಜ. ಆದರೆ ತೀವ್ರ ಹಂತದಲ್ಲಿ ಸಾವನ್ನು ಅರ್ಧಕ್ಕೆ ಇಳಿಸಿದ ವಿಧಾನ ಇದೇ. ರೋಗಿಗೆ ನಿದ್ದೆಯ ಔಷಧಿ ಕೊಟ್ಟಿರುತ್ತಾರೆ.

ಮನೆಯವರು ಏನು ಕೇಳಬಹುದು?

ವೈದ್ಯರ ಮೇಲೆ ಅನುಮಾನಪಟ್ಟು ಕೇಳಬೇಕಿಲ್ಲ. ತಿಳಿದುಕೊಳ್ಳುವ ಹಕ್ಕಿನಿಂದ, ಸಮಾಧಾನವಾಗಿ, ದಿನಕ್ಕೊಮ್ಮೆ, ಮನೆಯ ಒಬ್ಬರೇ ಕೇಳಿ ಬರೆದಿಟ್ಟುಕೊಳ್ಳಿ.

1. ಸೋತಿರುವುದು ಶ್ವಾಸಕೋಶವೋ, ಉಸಿರಾಡಿಸುವ ಸ್ನಾಯುವೋ? ಮೂಲ ಕಾಯಿಲೆ ಯಾವುದು, ಅದಕ್ಕೆ ಏನು ಔಷಧಿ?
2. ಇವತ್ತು ಎಷ್ಟು ಶೇಕಡಾ ಆಕ್ಸಿಜನ್ ಕೊಡುತ್ತಿದ್ದೀರಿ? ನಿನ್ನೆ ಎಷ್ಟಿತ್ತು?
3. ಪಿ/ಎಫ್ ಅನುಪಾತ ಏರುತ್ತಿದೆಯೋ, ಇಳಿಯುತ್ತಿದೆಯೋ?
4. ಪ್ಲೇಟೋ ಪ್ರೆಷರ್ 30ರೊಳಗೆ ಇದೆಯೇ?
5. ಬೋರಲು ಮಲಗಿಸುವ ಅಗತ್ಯವಿದೆಯೇ?
6. ಯಂತ್ರದಿಂದ ಬಿಡಿಸುವ ಪ್ರಯತ್ನ ಯಾವಾಗ? ಮೂತ್ರಪಿಂಡ, ರಕ್ತದೊತ್ತಡ ಹೇಗಿವೆ?

ಒಂದೇ ದಿನದ ಸಂಖ್ಯೆ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಎರಡು ಮೂರು ದಿನಗಳ ದಿಕ್ಕು ನೋಡಿ. ದಿಕ್ಕು ಕೆಳಮುಖವಾಗಿಯೇ ಇದ್ದರೆ, ಮುಂದೇನು ಎಂದು ವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಲು ಈ ಸಂಖ್ಯೆಗಳೇ ಆಧಾರ.

ಇನ್ನೊಂದು ಮಾತು. 'ಆ ಆಸ್ಪತ್ರೆಯಲ್ಲಿ ಹೊಸ ಮೆಷಿನ್ ಬಂದಿದೆ' ಎಂದು ಯಾರೋ ಕಳಿಸಿದ ಮೆಸೇಜ್ ನೋಡಿ ಯಂತ್ರದ ಮೇಲಿರುವವರನ್ನು ಸಾಗಿಸಲು ಹೊರಡಬೇಡಿ. ದಾರಿಯಲ್ಲಿ ಕೊಳವೆ ಜಾರಬಹುದು, ಆಕ್ಸಿಜನ್ ಮುಗಿಯಬಹುದು. ಇರುವ ಆಸ್ಪತ್ರೆಯಲ್ಲಿ ಬೇಕಾದ ಚಿಕಿತ್ಸೆ ಸಿಗದು ಎಂದು ವೈದ್ಯರೇ ಹೇಳಿದರೆ ಮಾತ್ರ, ಜೊತೆಗೆ ವೆಂಟಿಲೇಟರ್, ಮಾನಿಟರ್ ಮತ್ತು ತರಬೇತಿ ಪಡೆದವರಿರುವ ಆಂಬುಲೆನ್ಸ್‌ನಲ್ಲಿ, ಅತ್ತ ಕಡೆ ಹಾಸಿಗೆ ಖಚಿತಪಡಿಸಿಕೊಂಡು ಹೊರಡಿ.

ಈ ಲೇಖನ ತಿಳಿವಳಿಕೆಗಾಗಿ. ನಿಮ್ಮವರ ಚಿಕಿತ್ಸೆಯ ತೀರ್ಮಾನ ಅವರನ್ನು ನೋಡುತ್ತಿರುವ ವೈದ್ಯರೊಂದಿಗೇ ಆಗಬೇಕು. ಗ್ರೂಪ್‌ನಲ್ಲಿ ಯಾರಾದರೂ 'ವೆಂಟಿಲೇಟರ್ ಅಂದ್ರೆ ಮುಗೀತು' ಎಂದು ಕಳಿಸಿದರೆ, ಮೇಲಿನ ಆರು ಪ್ರಶ್ನೆಗಳನ್ನು ಅಲ್ಲಿಗೆ ಕಳಿಸಿ. ಐಸಿಯು ಹೊರಗೆ ಕೂತಿರುವ ಯಾರಿಗಾದರೂ ಅವು ಉಪಯೋಗಕ್ಕೆ ಬರಬಹುದು.